ಎಸ್‌ಎಸ್‌ಡಿ ಹಾಕಿಸಿದ್ದಾಯ್ತು, ಲ್ಯಾಪ್‌ಟಾಪ್ ಮತ್ತೆ ಯಾಕೆ ತೆವಳುತ್ತಿದೆ?

ಪ್ರಶ್ನೆ: ಶಿಡ್ಲಘಟ್ಟದಲ್ಲಿ ಜೆರಾಕ್ಸ್ ಮಾಡುವ, ಆನ್‌ಲೈನ್ ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿ ನನ್ನದು. ಏಳು ವರ್ಷದ ಹಳೆಯ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ಹೋದ ವರ್ಷ 256 ಜಿಬಿ ಎಸ್‌ಎಸ್‌ಡಿ ಹಾಕಿಸಿದೆ. ಹಳೆಯ ಹಾರ್ಡ್ ಡಿಸ್ಕನ್ನು ಡಿವಿಡಿ ಇದ್ದ ಜಾಗದಲ್ಲಿ ಕೂರಿಸಿಕೊಟ್ಟರು. ಆಗ ಬಟನ್ ಒತ್ತಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ತೆರೆಯುತ್ತಿತ್ತು. ಈಗ ನಾಲ್ಕೈದು ನಿಮಿಷ ಬೇಕು. ಬೆಳಗ್ಗೆ ಬಂದ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುತ್ತಾರೆ. ರಿಪೇರಿಯವರು ಎಸ್‌ಎಸ್‌ಡಿ ಹೋಗಿದೆ, ಹೊಸದು ಹಾಕಿ ಅನ್ನುತ್ತಾರೆ. ಚಿಂತಾಮಣಿಯಲ್ಲಿರುವ ನನ್ನ ಭಾವಮೈದ ಫಾರ್ಮ್ಯಾಟ್ ಹೊಡೆದರೆ ಸರಿಹೋಗುತ್ತೆ ಅನ್ನುತ್ತಾನೆ. ಯಾರ ಮಾತು ಕೇಳಲಿ?
— ಹೆಸರು ಬೇಡ ಎಂದಿರುವ ಓದುಗರು, ಶಿಡ್ಲಘಟ್ಟ

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಕೇಳಬೇಡಿ. ನಿಮ್ಮ ಪತ್ರದಲ್ಲಿ ಬಂದುಹೋಗುವ ಒಂದು ಮಾತು ನನ್ನ ಕಣ್ಣು ಕುಕ್ಕಿತು: ಹಳೆಯ ಹಾರ್ಡ್ ಡಿಸ್ಕ್ ಇನ್ನೂ ಒಳಗೇ ಇದೆ. ನನ್ನ ಅನುಮಾನ ಎಸ್‌ಎಸ್‌ಡಿಗಿಂತ ಹೆಚ್ಚಾಗಿ ಅದರ ಮೇಲಿದೆ. ಆದರೆ ಅನುಮಾನದ ಮೇಲೆ ದುಡ್ಡು ಖರ್ಚು ಮಾಡಬಾರದು. ಆ ನಾಲ್ಕೈದು ನಿಮಿಷ ಎಲ್ಲಿ ಹೋಗುತ್ತಿದೆ ಎಂದು ಮೊದಲು ನೋಡೋಣ.

ನಿಮ್ಮ ಜಿಲ್ಲೆಯದೇ ಊರಾದ ಗೌರಿಬಿದನೂರಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಸಾಲು 1960ರ ದಶಕದಿಂದ ಇದೆ. ಭೂಮಿ ಎಲ್ಲಿ ನಡುಗಿತು ಎಂದು ತಿಳಿಯಲು ಅವರು ಅಲ್ಲಿಗೆ ಓಡುವುದಿಲ್ಲ. ಅಲೆ ಯಾವ ಮಾಪಕಕ್ಕೆ ಯಾವ ಕ್ಷಣದಲ್ಲಿ ತಲುಪಿತು ಎಂಬ ವ್ಯತ್ಯಾಸದಿಂದಲೇ ದಿಕ್ಕು ಹಿಡಿಯುತ್ತಾರೆ. ಲ್ಯಾಪ್‌ಟಾಪ್ ಬಿಚ್ಚದೆಯೂ ಅಷ್ಟು ಮಾಡಬಹುದು. ಬಟನ್ ಒತ್ತಿ ಮೊಬೈಲಿನ ಸ್ಟಾಪ್‌ವಾಚ್ ಓಡಿಸಿ. ಕಂಪನಿಯ ಲೋಗೋ ಮಾತ್ರ ಕಾಣುತ್ತಾ ನಿಂತ ಸಮಯ ಎಷ್ಟು, ಅದರ ಕೆಳಗೆ ಚುಕ್ಕಿಗಳು ಸುತ್ತುತ್ತಾ ಕಳೆದ ಸಮಯ ಎಷ್ಟು, ಡೆಸ್ಕ್‌ಟಾಪ್ ಕಂಡ ಮೇಲೂ ಕ್ರೋಮ್ ತೆರೆಯದೆ ಸತಾಯಿಸಿದ ಸಮಯ ಎಷ್ಟು ಎಂದು ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ. ಮೂರೂ ಕಡೆ ತಪ್ಪಿತಸ್ಥರು ಬೇರೆಬೇರೆ.

ಲೋಗೋ ಹಂತದಲ್ಲೇ ನಿಂತರೆ ವಿಂಡೋಸ್ ಇನ್ನೂ ಎದ್ದೇ ಇಲ್ಲ ಎಂದರ್ಥ. ಆಗ ಫಾರ್ಮ್ಯಾಟ್ ಮಾಡಿ ಪ್ರಯೋಜನವಿಲ್ಲ. ಭಾವಮೈದನ ಸಲಹೆ ಅಲ್ಲಿಗೆ ಮುಗಿಯಿತು. ಸ್ಟಾಪ್‌ವಾಚಿನ ಮೇಲೆ ನಂಬಿಕೆ ಇಲ್ಲದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸ್ಟಾರ್ಟ್‌ಅಪ್ ಪುಟದ ಮೇಲ್ಭಾಗದ ಬಲ ಮೂಲೆಯಲ್ಲಿ ‘ಲಾಸ್ಟ್ ಬಯೋಸ್ ಟೈಮ್’ ಎಂದು ಸೆಕೆಂಡುಗಳಲ್ಲಿ ಬರೆದಿರುತ್ತದೆ. ಹತ್ತು ಹದಿನೈದು ಸೆಕೆಂಡ್ ಇದ್ದರೆ ಚಿಂತೆ ಬೇಡ. ನಲವತ್ತು, ಅರವತ್ತು ಕಂಡರೆ ಲ್ಯಾಪ್‌ಟಾಪ್ ಯಾರಿಗೋ ಕಾಯುತ್ತಿದೆ.

ಯಾರಿಗೆ? ಬಹಳಷ್ಟು ಸಲ, ಸಾಯುತ್ತಿರುವ ಹಳೆಯ ಹಾರ್ಡ್ ಡಿಸ್ಕಿಗೆ. ಯಂತ್ರ ಎದ್ದ ತಕ್ಷಣ ಒಳಗಿರುವ ಪ್ರತಿಯೊಂದು ಡಿಸ್ಕನ್ನೂ ಕರೆದು ನೋಡುತ್ತದೆ. ಎಸ್‌ಎಸ್‌ಡಿ ಕೂಡಲೇ ಓಗೊಡುತ್ತದೆ. ಮುದಿ ಹಾರ್ಡ್ ಡಿಸ್ಕ್ ತಟ್ಟೆ ತಿರುಗಿಸಿ, ಕೆಟ್ಟ ಜಾಗವನ್ನು ಮತ್ತೆ ಮತ್ತೆ ಓದಲು ನೋಡಿ, ಸೋತು, ಕೊನೆಗೆ ಉತ್ತರಿಸುತ್ತದೆ. ಅಲ್ಲಿಯವರೆಗೆ ಉಳಿದವರೆಲ್ಲ ನಿಂತಿರಬೇಕು. ಮುಂದೆ ವಿಂಡೋಸ್ ಬಂದು ಅದೇ ಡಿಸ್ಕಿನ ಫೋಲ್ಡರ್‌ಗಳನ್ನು ಓದಲು ಹೋದಾಗ ಎರಡನೇ ಸಲ ಅದೇ ಕಾಯುವಿಕೆ. ಪರೀಕ್ಷೆ ಸರಳ. ಅದರಲ್ಲಿರುವ ಮುಖ್ಯ ಕಡತಗಳನ್ನು ಮೊದಲು ಬೇರೆಡೆಗೆ ನಕಲು ಮಾಡಿ. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಕಿತ್ತು, ತಳದಲ್ಲಿ ಡಿವಿಡಿ ಜಾಗವನ್ನು ಹಿಡಿದಿರುವ ಸ್ಕ್ರೂ ಬಿಚ್ಚಿದರೆ ಆ ಪೆಟ್ಟಿಗೆ ಪಕ್ಕದಿಂದ ಜಾರಿ ಬರುತ್ತದೆ. ಅದಿಲ್ಲದೆ ಬಟನ್ ಒತ್ತಿ ನೋಡಿ.

ಲ್ಯಾಪ್‌ಟಾಪ್ ಮೊದಲಿನ ಹಾಗೆ ಚುರುಕಾಗಿ ಎದ್ದರೆ ಕೇಸು ಮುಗಿಯಿತು. ಏಳುವುದೇ ಇಲ್ಲ, ಬೂಟ್ ಡಿವೈಸ್ ಸಿಗಲಿಲ್ಲ ಅಂದರೆ ಗಾಬರಿ ಬೇಡ, ಅದೂ ಒಂದು ಸುಳಿವು. ವಿಂಡೋಸ್ ಎಸ್‌ಎಸ್‌ಡಿಯಲ್ಲಿದ್ದರೂ ಅದನ್ನು ಎಬ್ಬಿಸುವ ಚಿಕ್ಕ ಬೂಟ್ ಪಾರ್ಟಿಷನ್ ಹಳೆಯ ಡಿಸ್ಕಿನಲ್ಲೇ ಉಳಿದಿದೆ. ಎರಡೂ ಡಿಸ್ಕ್ ಸಿಕ್ಕಿಸಿಟ್ಟೇ ವಿಂಡೋಸ್ ಹಾಕಿದಾಗ ಹೀಗಾಗುವುದು ಮಾಮೂಲು. ಆ ಪಾರ್ಟಿಷನ್ನನ್ನು ಎಸ್‌ಎಸ್‌ಡಿಯಲ್ಲೇ ಹೊಸದಾಗಿ ಮಾಡಿಕೊಡಲು ಹೇಳಿ; ಗೊತ್ತಿರುವವರಿಗೆ ಅದು ಫಾರ್ಮ್ಯಾಟ್ ಇಲ್ಲದೆ ಆಗುವ ಕೆಲಸ.

ಇನ್ನೊಂದು ವಿಷಯವನ್ನೂ ನೋಡಿಕೊಳ್ಳಿ. ಕೆಲವರು ತಿರುವುಮುರುವು ಮಾಡಿ, ಬಿಚ್ಚುವ ಕಷ್ಟ ತಪ್ಪಿಸಲು ಎಸ್‌ಎಸ್‌ಡಿಯನ್ನೇ ಡಿವಿಡಿ ಜಾಗಕ್ಕೆ ಹಾಕಿ ಹಾರ್ಡ್ ಡಿಸ್ಕನ್ನು ಇದ್ದಲ್ಲೇ ಬಿಟ್ಟಿರುತ್ತಾರೆ. ಹಳೆಯ ಕೆಲವು ಮಾದರಿಗಳಲ್ಲಿ ಡಿವಿಡಿಯ ಸಾಟಾ ದಾರಿ ನಿಧಾನದ್ದು. ಪೂರ್ಣ ಸಾಟಾ ದಾರಿಯಲ್ಲಿ ಸೆಕೆಂಡಿಗೆ 550 ಎಂಬಿ ಆಸುಪಾಸು ಓದುವ ಎಸ್‌ಎಸ್‌ಡಿ ಅಲ್ಲಿ 280ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯಬಹುದು. ಅಷ್ಟರಿಂದ ಒಂದು ಲ್ಯಾಪ್‌ಟಾಪ್ ನಾಲ್ಕು ನಿಮಿಷ ತಡವಾಗುವುದಿಲ್ಲ, ನಿಜ. ಆದರೆ ಬಿಚ್ಚಿದ ಮೇಲೆ ಸರಿಯಾದ ಜಾಗಕ್ಕೆ ಹಾಕಿಸಿಬಿಡಿ.

ಏಳು ವರ್ಷದ ಯಂತ್ರ ಎಂದಿರಿ. ಬೆಳಗ್ಗೆ ತೆರೆದಾಗ ತಾರೀಖು ಹಳೆಯ ವರ್ಷಕ್ಕೆ ಹೋಗಿರುತ್ತದೆಯೇ, ಸರ್ಕಾರಿ ವೆಬ್‌ಸೈಟುಗಳು ಸುರಕ್ಷಿತವಲ್ಲ ಎಂದು ಹಟ ಮಾಡುತ್ತವೆಯೇ? ಹಾಗಿದ್ದರೆ ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಸತ್ತಿದೆ. ಅದು ಸತ್ತರೆ ಬೂಟ್ ಕ್ರಮವೂ ಮರೆತುಹೋಗಿ, ಯಂತ್ರ ನೆಟ್‌ವರ್ಕ್, ಪೆನ್ ಡ್ರೈವ್ ಎಂದೆಲ್ಲ ಹುಡುಕಿ ಕೊನೆಗೆ ಎಸ್‌ಎಸ್‌ಡಿಗೆ ಬರುತ್ತದೆ. ಗಿರಾಕಿ ಬಿಟ್ಟುಹೋದ ಪೆನ್ ಡ್ರೈವ್ ಸಿಕ್ಕಿಸಿಕೊಂಡೇ ರಾತ್ರಿ ಅಂಗಡಿ ಮುಚ್ಚುವ ಅಭ್ಯಾಸವಿದ್ದರೆ ಬಿಡಿ.

ಈಗ ಚುಕ್ಕಿ ಸುತ್ತುವ ಹಂತಕ್ಕೆ ಬರೋಣ. ಇಲ್ಲಿ ನಿಮ್ಮ ರಿಪೇರಿಯವರ ಮಾತಿಗೂ ಸ್ವಲ್ಪ ಜಾಗವಿದೆ.

ಲ್ಯಾಪ್‌ಟಾಪ್ ಏಳುವುದೆಂದರೆ ಸಾವಿರಾರು ಸಣ್ಣ ಕಡತಗಳನ್ನು ಅಲ್ಲೊಂದು ಇಲ್ಲೊಂದು ಹುಡುಕಿ ಓದುವ ಕೆಲಸ. ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಸೂಜಿ ಸರಿಯಾದ ಜಾಗ ಮುಟ್ಟುವುದಕ್ಕೇ ಸುಮಾರು 15 ಮಿಲಿಸೆಕೆಂಡ್ ಬೇಕು. ಸೆಕೆಂಡಿಗೆ ನೂರು ಕಡೆ ಓದಿದರೆ ಅದೇ ದೊಡ್ಡದು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಪಾಲು ಸಾಕು. ಮೊದಲ ದಿನ ನಿಮಗೆ ಕಂಡ ಚಮತ್ಕಾರ ಇದೇ. ಹಾಗಾದರೆ ಅದೇ ಎಸ್‌ಎಸ್‌ಡಿ ವರ್ಷದಲ್ಲಿ ಮಂಕಾಗುವುದು ಹೇಗೆ?

ರೇಷ್ಮೆ ಊರಿನವರಿಗೆ ಇದನ್ನು ಚಂದ್ರಿಕೆ ತೋರಿಸಿ ಹೇಳುವುದೇ ಸುಲಭ. ಹಣ್ಣಾದ ಹುಳುಗಳನ್ನು ಖಾಲಿ ಚಂದ್ರಿಕೆಗೆ ಒಂದೊಂದಾಗಿ ಬಿಡಬಹುದು. ಆದರೆ ಒಂದು ಹುಳು ಗೂಡು ಕಟ್ಟಿದ ಜಾಗವನ್ನಷ್ಟೇ ತೊಳೆದು ಅಲ್ಲಿಗೆ ಇನ್ನೊಂದನ್ನು ಬಿಡಲು ಬರುವುದಿಲ್ಲ. ಗೂಡೆಲ್ಲ ಬಿಡಿಸಿ, ಇಡೀ ಚಂದ್ರಿಕೆಯನ್ನು ಶುಚಿ ಮಾಡಿಯೇ ಮುಂದಿನ ಬೆಳೆಗೆ ಇಳಿಸಬೇಕು. ಎಸ್‌ಎಸ್‌ಡಿಯ ಚಿಪ್ಪಿನಲ್ಲೂ ಬರೆಯುವುದು ಕೆಲವು ಕಿಲೋಬೈಟಿನ ಪುಟಗಳಲ್ಲಿ, ಅಳಿಸುವುದು ಮಾತ್ರ ಹಲವು ಮೆಗಾಬೈಟಿನ ಇಡೀ ಬ್ಲಾಕಿನಲ್ಲಿ. ತೋಷಿಬಾದ ಫುಜಿಯೊ ಮಸುಓಕಾ ತಂಡ 1987ರಲ್ಲಿ ನ್ಯಾಂಡ್ ಫ್ಲ್ಯಾಶ್ ಮುಂದಿಟ್ಟಾಗಿನಿಂದ ಈ ಕಟ್ಟಳೆ ಬದಲಾಗಿಲ್ಲ. ಒಂದು ಬ್ಲಾಕಿನಲ್ಲಿ ಅರ್ಧ ಬೇಕಾದ ಮಾಹಿತಿ, ಅರ್ಧ ಕಸ ಇದ್ದರೆ ಬೇಕಾದದ್ದನ್ನು ಇನ್ನೊಂದು ಬ್ಲಾಕಿಗೆ ಸಾಗಿಸಿ ಆಮೇಲೆ ಅಳಿಸಬೇಕು. ಖಾಲಿ ಬ್ಲಾಕುಗಳು ಧಾರಾಳವಾಗಿದ್ದರೆ ಈ ಸಾಗಾಟ ನಿಮಗೆ ಗೊತ್ತೇ ಆಗುವುದಿಲ್ಲ. ಸಿ ಡ್ರೈವ್ ಕೆಂಪು ಬಣ್ಣಕ್ಕೆ ತಿರುಗಿ 256ರಲ್ಲಿ ಐದಾರು ಜಿಬಿ ಉಳಿದಿದ್ದರೆ, ನೀವು ಒಂದು ಪಿಡಿಎಫ್ ಉಳಿಸಿದಾಗಲೆಲ್ಲ ಒಳಗೆ ಈ ಎತ್ತಿಡುವ ಕೆಲಸ ನಡೆಯುತ್ತದೆ.

ಅಗ್ಗದ ಎಸ್‌ಎಸ್‌ಡಿಯಲ್ಲಿ ಇದು ಇನ್ನೂ ಕಟು. ಒಂದು ಕೋಶದಲ್ಲಿ ಮೂರು ಬಿಟ್ ತುಂಬುವ ಟಿಎಲ್‌ಸಿ, ನಾಲ್ಕು ಬಿಟ್ ತುರುಕುವ ಕ್ಯೂಎಲ್‌ಸಿ ಚಿಪ್ಪುಗಳು ಬರೆಯುವುದರಲ್ಲಿ ಸಹಜವಾಗಿಯೇ ನಿಧಾನ. ಕ್ಯೂಎಲ್‌ಸಿಯಲ್ಲಿ ಒಂದೇ ಕೋಶ 16 ಬೇರೆಬೇರೆ ವಿದ್ಯುತ್ ಮಟ್ಟಗಳನ್ನು ಹಿಡಿದಿಟ್ಟುಕೊಳ್ಳಬೇಕು. ಆ ನಿಧಾನವನ್ನು ಮುಚ್ಚಲು ಕಂಪನಿಗಳು ಖಾಲಿ ಜಾಗದ ಒಂದು ಪಾಲನ್ನು ಕೋಶಕ್ಕೊಂದೇ ಬಿಟ್ ಬರೆಯುವ ವೇಗದ ಪಡಸಾಲೆಯಾಗಿ ಬಳಸುತ್ತವೆ. ಡ್ರೈವ್ ತುಂಬಿದಂತೆ ಪಡಸಾಲೆ ಕಿರಿದಾಗುತ್ತದೆ. ಕೆಲವು ಕ್ಯೂಎಲ್‌ಸಿ ಡ್ರೈವುಗಳು ಆಗ ಹಾರ್ಡ್ ಡಿಸ್ಕಿಗಿಂತಲೂ ನಿಧಾನವಾಗಿ ಬರೆಯುವುದುಂಟು. ಡಬ್ಬಿಯ ಮೇಲಿನ 500 ಎಂಬಿ ಸುಳ್ಳಲ್ಲ, ಖಾಲಿ ಡ್ರೈವಿನ ಮಾತು ಅಷ್ಟೇ.

ಹಾಗಾಗಿ ನಿಮ್ಮ ಸಿ ಡ್ರೈವಿನಲ್ಲಿ ಐದರಲ್ಲಿ ಒಂದು ಪಾಲು, ಅಂದರೆ ಐವತ್ತು ಜಿಬಿಯಷ್ಟು, ಯಾವಾಗಲೂ ಖಾಲಿ ಬಿಡಿ. ಜೆರಾಕ್ಸ್ ಅಂಗಡಿಯ ಡೌನ್‌ಲೋಡ್ಸ್ ಫೋಲ್ಡರ್ ಹೇಗಿರುತ್ತದೆ ಎಂದು ನನಗೆ ಗೊತ್ತು: ಊರಿನವರ ಆಧಾರ್, ಪಹಣಿ, ಅಂಕಪಟ್ಟಿಗಳ ರಾಶಿ. ಜಾಗಕ್ಕಾಗಿ ಮಾತ್ರವಲ್ಲ, ಬೇರೆಯವರ ದಾಖಲೆ ನಿಮ್ಮಲ್ಲಿ ಬಿದ್ದಿರಬಾರದು ಎಂಬ ಕಾರಣಕ್ಕೂ ಅದನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ರೀಸೈಕಲ್ ಬಿನ್ನನ್ನೂ ಬರಿದು ಮಾಡಿ. ಆಮೇಲೆ ಹುಡುಕುವ ಪಟ್ಟಿಯಲ್ಲಿ ಡಿಫ್ರಾಗ್ ಎಂದು ಟೈಪಿಸಿದರೆ ಆಪ್ಟಿಮೈಸ್ ಡ್ರೈವ್ಸ್ ಕಿಟಕಿ ತೆರೆಯುತ್ತದೆ. ಸಿ ಡ್ರೈವಿನ ಎದುರು ಸಾಲಿಡ್ ಸ್ಟೇಟ್ ಡ್ರೈವ್ ಎಂದೇ ಇರಬೇಕು. ಆಪ್ಟಿಮೈಸ್ ಒತ್ತಿದರೆ ವಿಂಡೋಸ್ ಟ್ರಿಮ್ ಆಜ್ಞೆ ಕಳಿಸುತ್ತದೆ, ಅಂದರೆ ಯಾವ ಪುಟಗಳು ಕಸ ಎಂದು ಡ್ರೈವಿಗೆ ಪಟ್ಟಿ ಕೊಡುತ್ತದೆ. ಬೇರೆ ಡಿಫ್ರಾಗ್ ತಂತ್ರಾಂಶಗಳನ್ನು ಎಸ್‌ಎಸ್‌ಡಿಯ ಮೇಲೆ ಓಡಿಸಬೇಡಿ. ಲಾಭವಿಲ್ಲ, ಸವೆತ ಮಾತ್ರ.

ಎಸ್‌ಎಸ್‌ಡಿಯೇ ತಪ್ಪಿತಸ್ಥ ಆಗುವುದೇ ಇಲ್ಲವೇ? ಆಗುತ್ತದೆ. ಸ್ಯಾಮ್‌ಸಂಗ್ 840 ಇವೊ ಎಂಬ ಹೆಸರುವಾಸಿ ಡ್ರೈವ್ 2013ರಲ್ಲಿ ಬಂತು. ಅದರಲ್ಲಿ ತಿಂಗಳುಗಟ್ಟಲೆ ಮುಟ್ಟದ ಹಳೆಯ ಕಡತಗಳನ್ನು ಓದುವುದು ವಿಪರೀತ ನಿಧಾನವಾಗುತ್ತಿತ್ತು. ಕೋಶಗಳಲ್ಲಿನ ವಿದ್ಯುತ್ ಮಟ್ಟ ಮೆಲ್ಲಗೆ ಜಾರುವುದೇ ಕಾರಣ. ಕಂಪನಿ 2014ರ ಅಕ್ಟೋಬರಿನಲ್ಲಿ ಒಂದು ಫರ್ಮ್‌ವೇರ್ ಕೊಟ್ಟಿತು, ಸಾಲದೆ 2015ರಲ್ಲಿ ಇನ್ನೊಂದು ಕೊಡಬೇಕಾಯಿತು. ದೊಡ್ಡ ಕಂಪನಿಯದಾದ್ದರಿಂದ ಪರಿಹಾರ ಬಂತು. ಬ್ರಾಂಡೇ ಇಲ್ಲದ ಡ್ರೈವಿಗೆ ಫರ್ಮ್‌ವೇರ್ ಯಾರು ಬರೆಯುತ್ತಾರೆ? ಇದಕ್ಕೆ ಉಲ್ಟಾ ಕಥೆಯೂ ಇದೆ. 2025ರ ಆಗಸ್ಟಿನಲ್ಲಿ ವಿಂಡೋಸ್ 11ರ ಒಂದು ಅಪ್‌ಡೇಟ್ ಎಸ್‌ಎಸ್‌ಡಿಗಳನ್ನು ಕೊಲ್ಲುತ್ತಿದೆ ಎಂಬ ಸುದ್ದಿ ಜಪಾನಿನಿಂದ ಹೊರಟು ಲೋಕವೆಲ್ಲ ಸುತ್ತಿತು. ಕಂಟ್ರೋಲರ್ ಚಿಪ್ ಮಾಡುವ ಫೈಸನ್ ಕಂಪನಿ 4,500 ಗಂಟೆಗೂ ಮೀರಿ ಪರೀಕ್ಷಿಸಿ ಅಂಥದ್ದೇನೂ ಕಾಣಲಿಲ್ಲ ಎಂದಿತು, ಮೈಕ್ರೋಸಾಫ್ಟ್ ಕೂಡ ಸಂಬಂಧ ಸಿಗಲಿಲ್ಲ ಎಂದಿತು. ಆ ಭಯಕ್ಕೆ ಅಪ್‌ಡೇಟ್ ನಿಲ್ಲಿಸಿಕೊಂಡಿದ್ದರೆ ಮತ್ತೆ ಶುರು ಮಾಡಿ.

ನಿಮ್ಮ ಡ್ರೈವಿನ ಜಾತಕ ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಸಾಕು. ನೀಲಿ ಇದ್ದರೆ ಆರೋಗ್ಯ, ಹಳದಿ ಇದ್ದರೆ ಎಚ್ಚರ. ಎಸ್‌ಎಸ್‌ಡಿಗೆ ಉಳಿದ ಆಯುಷ್ಯವನ್ನು ಶೇಕಡಾದಲ್ಲಿ ತೋರಿಸುತ್ತದೆ. 240–256 ಜಿಬಿಯ ಸಾಮಾನ್ಯ ಡ್ರೈವಿಗೂ ಕಂಪನಿಗಳು 80 ಟೆರಾಬೈಟ್‌ನಷ್ಟು ಬರೆಯುವ ಭರವಸೆ ಕೊಡುತ್ತವೆ. ದಿನಕ್ಕೆ ಹತ್ತು ಜಿಬಿ ಬರೆದರೂ ಅದು ಮುಗಿಯಲು ಇಪ್ಪತ್ತು ವರ್ಷ ಬೇಕು. ಆದ್ದರಿಂದ ಒಂದು ವರ್ಷಕ್ಕೆ ‘ಎಸ್‌ಎಸ್‌ಡಿ ಸವೆದುಹೋಯಿತು’ ಎಂದವರನ್ನು ಈ ಪರದೆ ತೋರಿಸಲು ಕೇಳಿ. ಅದೇ ತಂತ್ರಾಂಶದಲ್ಲಿ ಹಾರ್ಡ್ ಡಿಸ್ಕನ್ನೂ ಆರಿಸಿ ನೋಡಿ. ಹಳದಿ ಕಂಡರೆ ಮೇಲೆ ಹೇಳಿದ ನನ್ನ ಅನುಮಾನಕ್ಕೆ ಸಾಕ್ಷಿ ಸಿಕ್ಕಂತೆ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲೂ ಡಿಸ್ಕ್‌ಗಳು ಬೇರೆಬೇರೆ ಕಾಣುತ್ತವೆ. ಶೇ. 100 ಎಂದು ಉಸಿರುಗಟ್ಟಿರುವುದು ಯಾವುದು, ಪಕ್ಕದಲ್ಲಿ ಸರಾಸರಿ ಉತ್ತರದ ಸಮಯ ಎಷ್ಟು ಮಿಲಿಸೆಕೆಂಡ್ ಎಂದು ಓದಿ. ಒಂದೆರಡು ಸರಿ, ನೂರಾರು ಎಂದರೆ ಆ ಡಿಸ್ಕ್ ರೋಗಿ.

ಡೆಸ್ಕ್‌ಟಾಪ್ ಕಂಡ ಮೇಲಿನ ಸತಾಯಿಕೆಗೆ ಕಾರಣ ಹುಡುಕುವುದು ಕಷ್ಟವಲ್ಲ, ನಿಮ್ಮ ವೃತ್ತಿಯೇ ಹೇಳುತ್ತದೆ. ಬೆರಳಚ್ಚು ಯಂತ್ರಗಳ ಆರ್‌ಡಿ ಸರ್ವಿಸ್, ಅದೂ ಹಳೆಯ ಯಂತ್ರ ಮಾರಿದ ಮೇಲೂ ಉಳಿದಿರುವುದು, ಎರಡು ಮೂರು ಪ್ರಿಂಟರುಗಳ ಸಹಾಯಕ ತಂತ್ರಾಂಶಗಳು, ಡಿಜಿಟಲ್ ಸಹಿಯ ಟೋಕನ್, ಎನಿಡೆಸ್ಕ್, ವಾಟ್ಸ್‌ಆ್ಯಪ್, ಇವೆಲ್ಲದರ ಮೇಲೆ ಎರಡು ಆ್ಯಂಟಿವೈರಸ್. ಪ್ರತಿಯೊಂದೂ ಬೆಳಗ್ಗೆ ಮೊದಲು ತಾನೇ ಏಳಬೇಕೆಂದು ನುಗ್ಗುತ್ತದೆ. ಎರಡು ಆ್ಯಂಟಿವೈರಸ್ ಒಂದೇ ಕಡತವನ್ನು ಎರಡು ಸಲ ತಪಾಸಣೆ ಮಾಡಿದರೆ ಎಸ್‌ಎಸ್‌ಡಿ ಏನು ಮಾಡೀತು? ಒಂದನ್ನು ತೆಗೆಯಿರಿ, ವಿಂಡೋಸಿನದೇ ಡಿಫೆಂಡರ್ ನಿಮ್ಮ ಕೆಲಸಕ್ಕೆ ಸಾಲುತ್ತದೆ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪುಟದಲ್ಲಿ ಈಗ ಬಳಸುವ ಬೆರಳಚ್ಚು ಯಂತ್ರಕ್ಕೆ ಸಂಬಂಧಿಸಿದ್ದನ್ನು ಬಿಟ್ಟು ಉಳಿದದ್ದನ್ನು ಡಿಸೇಬಲ್ ಮಾಡಿ. ಬೇಕೆಂದಾಗ ತೆರೆದರೆ ಅವು ತೆರೆಯುತ್ತವೆ.

ಮತ್ತೆ ಆ 4 ಜಿಬಿ ರ‍್ಯಾಮ್. ವಿಂಡೋಸ್ ಎದ್ದು ನಿಲ್ಲುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಮುಗಿದಿರುತ್ತದೆ. ಕ್ರೋಮಿನಲ್ಲಿ ನಾಲ್ಕು ಟ್ಯಾಬ್ ತೆರೆದಿರೋ, ಹಿಡಿಸದ ಮಾಹಿತಿಯನ್ನೆಲ್ಲ ವಿಂಡೋಸ್ ಎಸ್‌ಎಸ್‌ಡಿಗೆ ಬರೆದು ಮತ್ತೆ ಓದುತ್ತದೆ. ತುಂಬಿದ ಅಗ್ಗದ ಎಸ್‌ಎಸ್‌ಡಿ, ಕಡಿಮೆ ರ‍್ಯಾಮ್ ಒಟ್ಟಿಗೆ ಸೇರಿದರೆ ನೀವು ವರ್ಣಿಸಿದ ಸ್ಥಿತಿಯೇ. ಗೌರಿಬಿದನೂರಿನಿಂದ ಬರೆದಿರುವ ಶಿಕ್ಷಕಿಯೊಬ್ಬರ ಹೊಸ ಲ್ಯಾಪ್‌ಟಾಪಿನದೂ ಇದೇ ಪಾಡು. ಅವರದರಲ್ಲಿ ಇರುವುದು ಎಸ್‌ಎಸ್‌ಡಿ ಕೂಡ ಅಲ್ಲ, ಬೋರ್ಡಿಗೆ ಬೆಸೆದ 64 ಜಿಬಿ ಇಎಂಎಂಸಿ, ಬದಲಿಸಲು ಬರುವುದಿಲ್ಲ. ನಿಮಗೆ ಆ ಬಂಧನವಿಲ್ಲದಿದ್ದರೆ, ಎಸ್‌ಎಸ್‌ಡಿಗೆ ಎತ್ತಿಟ್ಟ ದುಡ್ಡನ್ನು ರ‍್ಯಾಮಿಗೆ ಹಾಕಿ 8 ಜಿಬಿ ಮಾಡಿಸಿ ಎಂಬುದು ನನ್ನ ಸಲಹೆ. 2025ರ ಕೊನೆಯಿಂದ ಎರಡರ ಬೆಲೆಯೂ ಏರಿದೆ, ವಿಚಾರಿಸಿಯೇ ಹೊರಡಿ.

ಒಂದು ವಿಚಿತ್ರ ಹೇಳಲೇಬೇಕು. ರಾತ್ರಿ ನೀವು ಶಟ್ ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ. 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟ್‌ಅಪ್ ಎಂಬುದು ಬಂದಿದೆ. ತನ್ನ ತಿರುಳಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಬೆಳಗ್ಗೆ ಅದನ್ನೇ ಎತ್ತಿಕೊಳ್ಳುತ್ತದೆ. ಹಾರ್ಡ್ ಡಿಸ್ಕಿನ ಕಾಲಕ್ಕೆ ಅದು ಉಪಕಾರಿ. ಆದರೆ ಯಾವುದೋ ಡ್ರೈವರ್ ಕೆಟ್ಟು ಕೂತಿದ್ದರೆ ಆ ಕೆಡುಕೂ ದಿನದಿಂದ ದಿನಕ್ಕೆ ಮುಂದುವರಿಯುತ್ತದೆ. ರೀಸ್ಟಾರ್ಟ್ ಒತ್ತಿದಾಗ ಮಾತ್ರ ಎಲ್ಲವೂ ಹೊಸದಾಗಿ ಶುರು. ಟಾಸ್ಕ್ ಮ್ಯಾನೇಜರಿನ ಸಿಪಿಯು ಪುಟದಲ್ಲಿ ‘ಅಪ್ ಟೈಮ್’ ನೋಡಿ. ಪ್ರತಿ ರಾತ್ರಿ ಆಫ್ ಮಾಡುವವರಲ್ಲೂ ಅದು ಎಷ್ಟೋ ದಿನ ತೋರಿಸುತ್ತಿರುತ್ತದೆ. ಶನಿವಾರ ಸಂಜೆ ಒಂದು ಸಲ ರೀಸ್ಟಾರ್ಟ್ ಮಾಡಿ ಆಮೇಲೆ ಶಟ್ ಡೌನ್ ಮಾಡಿ. ಎಸ್‌ಎಸ್‌ಡಿ ಇದ್ದವರು ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ತೆಗೆದರೂ ಕಳೆದುಕೊಳ್ಳುವುದು ಕೆಲವೇ ಸೆಕೆಂಡು.

ಬ್ಯಾಟರಿ ಸತ್ತು, ಚಾರ್ಜರಿನ ಮೇಲೇ ಓಡುತ್ತಿದೆಯೇ ಎಂದು ನೀವು ಬರೆದಿಲ್ಲ. ಏಳು ವರ್ಷದ್ದಾದ್ದರಿಂದ ಕೇಳುತ್ತಿದ್ದೇನೆ. ಚಿಂತಾಮಣಿಯ ಟೊಮೆಟೊ ಮಂಡಿಯಿಂದ ಹಿಡಿದು ನಿಮ್ಮೂರಿನ ಫಿಲೇಚರುಗಳ ತನಕ ಲೆಕ್ಕದ ಲ್ಯಾಪ್‌ಟಾಪುಗಳ ಪಾಡು ಇದೇ. ಕರೆಂಟ್ ಹೋದ ಕ್ಷಣ ಯಂತ್ರ ದಬಕ್ಕನೆ ಆರಿದರೆ, ಎಲ್ಲಿ ಏನು ಬರೆದಿದೆ ಎಂಬ ನಕ್ಷೆಯನ್ನು ಎಸ್‌ಎಸ್‌ಡಿ ಮುಂದಿನ ಸಲ ಮತ್ತೆ ಹೊಂದಿಸಿಕೊಳ್ಳಬೇಕು. ವಿಂಡೋಸ್ ಕೂಡ ಡಿಸ್ಕ್ ತಪಾಸಣೆಗೆ ಇಳಿಯಬಹುದು. ಅಗ್ಗದ ಡ್ರೈವುಗಳು ಒಮ್ಮೊಮ್ಮೆ ಇದರಿಂದಲೇ ಒಂದೇ ಏಟಿಗೆ ಸಾಯುತ್ತವೆ. ಹೊಸ ಬ್ಯಾಟರಿ ಹಾಕಿಸಿ, ಇಲ್ಲವೇ ಯುಪಿಎಸ್‌ಗೆ ಸಿಕ್ಕಿಸಿ. ಚಾರ್ಜರ್ ಡೂಪ್ಲಿಕೇಟ್ ಆಗಿದ್ದರೆ ಕೆಲವು ಕಂಪನಿಯ ಲ್ಯಾಪ್‌ಟಾಪುಗಳು ಅದನ್ನು ಗುರುತಿಸದೆ ಪ್ರೊಸೆಸರನ್ನೇ ಹಗ್ಗ ಹಾಕಿ ಹಿಡಿಯುತ್ತವೆ. ಸಿಪಿಯು ವೇಗ 0.8 ಗಿಗಾಹರ್ಟ್ಸ್ ಆಸುಪಾಸು ಅಲುಗಾಡದೆ ನಿಂತಿದ್ದರೆ ಅಲ್ಲಿ ನೋಡಿ. ಚಿಕ್ಕಬಳ್ಳಾಪುರದ ಕಡೆ ಜಲ್ಲಿ ಕ್ರಷರುಗಳ ಹತ್ತಿರ ಇರುವವರು ಫ್ಯಾನಿನ ಧೂಳನ್ನೂ ತೆಗೆಸಬೇಕು. ಕಾದ ಪ್ರೊಸೆಸರ್ ತಾನಾಗಿಯೇ ನಿಧಾನವಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಚುಕ್ಕಿಗಳು ಸುತ್ತುತ್ತಲೇ ಇದ್ದರೆ, ಡಿಸ್ಕ್‌ಇನ್ಫೊ ನೀಲಿ ತೋರಿಸುತ್ತಿದ್ದರೆ, ಭಾವಮೈದನ ಮಾತಿಗೆ ಈಗ ಬೆಲೆ ಬಂತು: ವಿಂಡೋಸ್ ಹೊಸದಾಗಿ ಹಾಕಿಸಿ. ಅದಕ್ಕೂ ಮುಂಚೆ ನಕಲು. ಟ್ಯಾಲಿ ದತ್ತಾಂಶ, ನುಡಿಯಲ್ಲಿ ಟೈಪಿಸಿಟ್ಟ ಕರಾರುಪತ್ರಗಳ ಮಾದರಿಗಳು, ಡೆಸ್ಕ್‌ಟಾಪಿನ ಫೋಲ್ಡರುಗಳು ಎಲ್ಲವೂ ಬೇರೆ ಡ್ರೈವಿಗೆ ಹೋಗಿರಲಿ. ಟ್ರಿಮ್ ಆದ ಎಸ್‌ಎಸ್‌ಡಿಯಿಂದ ಅಳಿಸಿದ್ದನ್ನು ಮರಳಿ ಪಡೆಯುವುದು ಹೆಚ್ಚೂಕಡಿಮೆ ಅಸಾಧ್ಯ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಪ್ರೊಸೆಸರ್ ಇಂಟೆಲ್ ಎಂಟನೇ ಪೀಳಿಗೆಯದೋ ಅದರ ಮುಂದಿನದೋ ಆಗಿದ್ದರೆ 11 ಹಾಕಿಸಬಹುದು, ಆದರೆ 8 ಜಿಬಿ ರ‍್ಯಾಮ್ ಇಲ್ಲದೆ ಆ ಸಾಹಸಕ್ಕೆ ಇಳಿಯಬೇಡಿ.

ಹಳದಿ ಕಂಡರೆ ಮಾತ್ರ ಹೊಸ ಎಸ್‌ಎಸ್‌ಡಿ. ಮೊದಲು ಹಳೆಯ ಬಿಲ್ ಹುಡುಕಿ. ಹೆಸರಿರುವ ಕಂಪನಿಗಳು ಸಾಮಾನ್ಯವಾಗಿ ಮೂರು ವರ್ಷದ ವಾರಂಟಿ ಕೊಡುತ್ತವೆ, ನಿಮ್ಮದು ಇನ್ನೂ ಒಂದೇ ವರ್ಷದ್ದು. ಕೊಳ್ಳಲೇಬೇಕಾಗಿ ಬಂದು ಬೆಂಗಳೂರಿನ ಎಸ್‌.ಪಿ. ರೋಡಿಗೆ ಇಳಿದರೆ ಟಿಎಲ್‌ಸಿ ಕೇಳಿ, ಬಿಲ್ ಕೇಳಿ, 2 ಟೆರಾಬೈಟ್ ಎಂದು ಚೀಟಿ ಅಂಟಿಸಿ ಚಿಲ್ಲರೆ ಬೆಲೆಗೆ ಮಾರುವುದನ್ನು ಮುಟ್ಟಬೇಡಿ. ಸೆಕೆಂಡಿಗೆ 3500 ಎಂಬಿ ಓದುವ ಎನ್‌ವಿಎಂಇ ತೋರಿಸಿದರೆ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಜಾಗ ಇದೆಯೇ ಎಂದು ಮಾದರಿ ಸಂಖ್ಯೆ ಹೇಳಿ ವಿಚಾರಿಸಿ. ಇದ್ದರೂ, ಬೆಳಗಿನ ಏಳುವಿಕೆಯಲ್ಲಿ ಸಾಟಾಗೂ ಅದಕ್ಕೂ ವ್ಯತ್ಯಾಸ ಕೆಲವು ಸೆಕೆಂಡಿನದು ಮಾತ್ರ.

ಹೊರತೆಗೆದ ಹಾರ್ಡ್ ಡಿಸ್ಕನ್ನು ಏನು ಮಾಡಬೇಕು ಎಂದು ಕೇಳುತ್ತೀರಿ. ಡಿಸ್ಕ್‌ಇನ್ಫೊದಲ್ಲಿ ನೀಲಿಯಾಗಿದ್ದರೆ ಯುಎಸ್‌ಬಿ ಪೆಟ್ಟಿಗೆಗೆ ಹಾಕಿ, ವಾರಕ್ಕೊಮ್ಮೆ ನಕಲು ತೆಗೆಯಲು ಮಾತ್ರ ಸಿಕ್ಕಿಸಿ. ಹಳದಿಯಾಗಿದ್ದರೆ ಅದರ ಮೇಲೆ ಏನನ್ನೂ ನಂಬಿ ಇಡಬೇಡಿ. ಗುಜರಿಗೆ ಹಾಕುವ ಮುನ್ನ ತಟ್ಟೆಗೆ ಮೊಳೆ ಹೊಡೆಸಿಬಿಡಿ, ಅದರಲ್ಲಿ ಆರು ವರ್ಷದ ಊರಿನವರ ದಾಖಲೆಗಳಿವೆ.